ಎಲ್ಲಿಸ್ ದ್ವೀಪದ ಗುಮಾಸ್ತನೂ ನಮ್ಮೂರ ಮೇಷ್ಟ್ರೂ

‘ಗಾಡ್‌ಫಾದರ್’ ಸಿನಿಮಾದ ಎರಡನೇ ಭಾಗ ನೋಡಿದವರಿಗೆ ಈ ದೃಶ್ಯ ನೆನಪಿರಬಹುದು. ಇಟಲಿಯ ಸಿಸಿಲಿಯಲ್ಲಿ ಕೊರ್ಲಿಯೋನೆ ಅನ್ನೋ ಊರು. ಪ್ರಾಣ ಉಳಿಸಿಕೊಳ್ಳಲು ಅಲ್ಲಿಂದ ಒಬ್ಬನೇ ಹಡಗು ಹತ್ತಿ ಬಂದ ಪುಟ್ಟ ಹುಡುಗ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಸಾಲಿನಲ್ಲಿ ನಿಂತಿದ್ದಾನೆ. ಹೆಸರು ವೀಟೋ ಆಂಡೋಲಿನಿ. ಮೇಜಿನ ಹಿಂದೆ ಕೂತ ಅಧಿಕಾರಿ ಹೆಸರು ಕೇಳ್ತಾನೆ, ಹುಡುಗ ತುಟಿ ಬಿಚ್ಚಲ್ಲ. ಕೊನೆಗೆ ಅವನ ಅಂಗಿಗೆ ಸಿಕ್ಕಿಸಿದ ಚೀಟಿ ನೋಡಿ, ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿ, ‘ವೀಟೋ ಕೊರ್ಲಿಯೋನೆ’ ಅಂತ ಬರೆದುಬಿಡ್ತಾರೆ. ಮುಗೀತು. ಹುಡುಗ ಇನ್ನು ಸಾಯೋವರೆಗೂ ಕೊರ್ಲಿಯೋನೆ.

1974ರಲ್ಲಿ ಬಂದ ಸಿನಿಮಾ ಅದು. ಆದರೆ ಇಂಥ ಕಥೆಯನ್ನ ಅಮೆರಿಕದವರು ಮನೆ ಮನೆಯಲ್ಲೂ ಹೇಳ್ತಾರೆ. ನಾನು ಮೂರು ವರ್ಷ ಆನ್‌ಸೈಟ್ ಅಂತ ಅಲ್ಲಿದ್ದಾಗ ಊಟದ ಟೇಬಲ್ಲಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ‘ನಮ್ಮ ಮುತ್ತಜ್ಜನ ಹೆಸರು ಏನೋ ಉದ್ದಕ್ಕಿತ್ತಂತೆ, ಎಲ್ಲಿಸ್ ದ್ವೀಪದ ಗುಮಾಸ್ತನಿಗೆ ಬರೆಯೋಕೆ ಬರಲಿಲ್ಲ, ಕತ್ತರಿಸಿಬಿಟ್ಟ.’ ಹೇಳುವವರ ದನಿಯಲ್ಲಿ ಸ್ವಲ್ಪ ನಗು, ಸ್ವಲ್ಪ ನೋವು.

ಕಥೆ ಚೆನ್ನಾಗಿದೆ. ತೊಂದರೆ ಏನಂದ್ರೆ, ಇತಿಹಾಸಕಾರರು ದಾಖಲೆಗಳನ್ನ ತಡಕಾಡಿದರೂ ಆ ಗುಮಾಸ್ತ ಸಿಗಲೇ ಇಲ್ಲ.

ಎಲ್ಲಿಸ್ ದ್ವೀಪದ ಕೇಂದ್ರ ಶುರುವಾಗಿದ್ದು 1892ರ ಜನವರಿ 1ರಂದು, ಮುಚ್ಚಿದ್ದು 1954ರಲ್ಲಿ. ಸುಮಾರು 1 ಕೋಟಿ 20 ಲಕ್ಷ ಜನ ಅದರ ಮೂಲಕ ಒಳಗೆ ಬಂದರು. 1907ನೇ ಇಸವಿ ಒಂದರಲ್ಲೇ 10 ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ಹೆಸರನ್ನ ಅಲ್ಲಿನ ಅಧಿಕಾರಿಗಳು ಕಿವಿಯಲ್ಲಿ ಕೇಳಿ ಹೊಸದಾಗಿ ಬರೆದುಕೊಳ್ಳುತ್ತಿರಲಿಲ್ಲ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದುದು ಹಡಗು ಹೊರಡುವ ಊರಲ್ಲಿ. ಹ್ಯಾಂಬರ್ಗ್, ನೇಪಲ್ಸ್, ಲಿವರ್‌ಪೂಲ್, ಹೀಗೆ. ಟಿಕೆಟ್ ಕೊಡುವಾಗಲೇ ಹಡಗು ಕಂಪನಿಯವರು ಹೆಸರು, ವಯಸ್ಸು, ಊರು, ಕಸುಬು, ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನೋದನ್ನೆಲ್ಲ ಬರೆದುಕೊಳ್ಳಬೇಕಿತ್ತು. ಒಳಗೆ ಬಿಡದ ಪ್ರಯಾಣಿಕನನ್ನ ಕಂಪನಿಯೇ ತನ್ನ ಖರ್ಚಲ್ಲಿ ವಾಪಸ್ ಕರೆದುಕೊಂಡು ಹೋಗಬೇಕಿದ್ದರಿಂದ ಪಟ್ಟಿ ಸರಿ ಇರಲಿ ಅನ್ನೋ ಭಯ ಅವರಿಗೂ ಇತ್ತು. ಎಲ್ಲಿಸ್ ದ್ವೀಪದ ಅಧಿಕಾರಿಯ ಕೆಲಸ ಆ ಪಟ್ಟಿ ಹಿಡಿದು, ಎದುರಿಗೆ ನಿಂತವನು ಅವನೇ ಹೌದಾ ಅಂತ ತಾಳೆ ನೋಡೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅವನದು ಡೇಟಾ ಎಂಟ್ರಿ ಅಲ್ಲ, ವ್ಯಾಲಿಡೇಷನ್.

ಭಾಷೆ ಬಾರದ್ದಕ್ಕೆ ತಪ್ಪಾಯಿತು ಅನ್ನೋ ಮಾತೂ ಅಷ್ಟಾಗಿ ನಿಲ್ಲಲ್ಲ. ಅಲ್ಲಿ ದುಭಾಷಿಗಳ ದೊಡ್ಡ ಪಡೆಯೇ ಇತ್ತು. ಮುಂದೆ ನ್ಯೂಯಾರ್ಕಿನ ಮೇಯರ್ ಆದ ಫಿಯೊರೆಲ್ಲೊ ಲಗಾರ್ಡಿಯಾ ತಮ್ಮ ಇಪ್ಪತ್ತರ ಪ್ರಾಯದಲ್ಲಿ, 1907ರಿಂದ 1910ರವರೆಗೆ, ಅಲ್ಲಿ ದುಭಾಷಿಯಾಗಿದ್ದರು. ರಾತ್ರಿ ಕಾನೂನು ಕಾಲೇಜು, ಹಗಲು ಈ ಕೆಲಸ. ನ್ಯೂಯಾರ್ಕಿನಲ್ಲಿ ನೀವು ವಿಮಾನ ಇಳಿಯೋ ಲಗಾರ್ಡಿಯಾ ನಿಲ್ದಾಣ ಇದೆಯಲ್ಲ, ಅದು ಅವರದೇ ಹೆಸರು.

ಇನ್ನೊಂದು ಮುಖ್ಯ ವಿಷಯ. ಎಲ್ಲಿಸ್ ದ್ವೀಪದಿಂದ ಹೊರಗೆ ಬಂದವನ ಕೈಗೆ ‘ಇಂದಿನಿಂದ ನಿನ್ನ ಹೆಸರು ಇದು’ ಅನ್ನೋ ಕಾಗದವನ್ನ ಯಾರೂ ಕೊಡುತ್ತಿರಲಿಲ್ಲ. ಆಧಾರ್ ಇಲ್ಲ, ರೇಷನ್ ಕಾರ್ಡ್ ಇಲ್ಲ. ಇಂಗ್ಲೆಂಡಿನಿಂದ ಬಂದ ಹಳೇ ಕಾನೂನು ಪದ್ಧತಿಯ ಪ್ರಕಾರ, ಮೋಸದ ಉದ್ದೇಶ ಇಲ್ಲದಿದ್ದರೆ ಯಾರು ಬೇಕಾದರೂ ತನ್ನನ್ನ ಯಾವ ಹೆಸರಲ್ಲಾದರೂ ಕರೆದುಕೊಳ್ಳಬಹುದಿತ್ತು. ಕೋರ್ಟಿಗೂ ಹೋಗಬೇಕಿರಲಿಲ್ಲ. ಅಂದ್ಮೇಲೆ ಗುಮಾಸ್ತ ತಪ್ಪು ಬರೆದನೆಂದೇ ಇಟ್ಟುಕೊಳ್ಳಿ, ದೋಣಿ ಇಳಿದ ಮೇಲೆ ಹಳೇ ಹೆಸರನ್ನೇ ಹೇಳಿಕೊಂಡು ಓಡಾಡೋದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಹಾಗಾದ್ರೆ ಹೆಸರುಗಳು ಬದಲಾಗಲಿಲ್ವಾ? ಖಂಡಿತ ಆದವು, ಲಕ್ಷಾಂತರ. ಬದಲಾಯಿಸಿಕೊಂಡವರು ಮಾತ್ರ ಅವರವರೇ. ಒಂದೇ ದಿನದಲ್ಲಿ ಅಲ್ಲ, ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ. ಕಾರ್ಖಾನೆಯ ಮೇಸ್ತ್ರಿಗೆ ಕೂಗೋದಕ್ಕೆ ಸುಲಭವಾಗಲಿ ಅಂತ ಒಂದು ಅಕ್ಷರ ಬಿಟ್ಟರು. ಅಂಗಡಿಯ ಬೋರ್ಡಿಗೆ ಚಿಕ್ಕದಾಗಲಿ ಅಂತ ಇನ್ನೊಂದು. ಶಾಲೆಗೆ ಹೋಗೋ ಮಗ ನಾಚಿಕೆ ಪಡ್ತಾನೆ ಅಂತ ಮತ್ತೊಂದು. ಮೊದಲ ಮಹಾಯುದ್ಧದಲ್ಲಿ ಅಮೆರಿಕ 1917ರಲ್ಲಿ ಜರ್ಮನಿಯ ವಿರುದ್ಧ ನಿಂತಾಗ ಜರ್ಮನ್ ಹೆಸರಿದ್ದವರನ್ನೆಲ್ಲ ಅನುಮಾನದಿಂದ ನೋಡೋಕೆ ಶುರು ಮಾಡಿದರು. ಶ್ಮಿಟ್ ಅನ್ನೋನು ಸ್ಮಿತ್ ಆದ, ಮ್ಯುಲರ್ ಅನ್ನೋನು ಮಿಲ್ಲರ್ ಆದ. ಇಷ್ಟೆಲ್ಲ ಆದ ಮೇಲೆ ಮೊಮ್ಮಕ್ಕಳು ಕೇಳಿದಾಗ ‘ಭಯಕ್ಕೆ ಬದಲಾಯಿಸಿಕೊಂಡೆ ಮಗಾ’ ಅಂತ ಯಾವ ಅಜ್ಜ ಹೇಳ್ತಾನೆ? ‘ಗುಮಾಸ್ತ ತಪ್ಪು ಬರೆದ’ ಅಂದುಬಿಟ್ಟರೆ ಯಾರ ಮನಸ್ಸಿಗೂ ನೋವಿಲ್ಲ. ಆ ಗುಮಾಸ್ತ ಹುಟ್ಟಿದ್ದು ಹೀಗೆ ಅಂತ ನನಗನ್ನಿಸುತ್ತೆ.

ಹೆಸರಿಗೂ ಪೌರತ್ವಕ್ಕೂ ಕಾನೂನಿನ ಗಂಟು ಬಿದ್ದಿದ್ದು 1906ರಲ್ಲಿ. ಅದಕ್ಕೂ ಮುಂಚೆ ಪೌರತ್ವ ಕೊಡೋದು ಒಂಥರಾ ಸಂತೆ ವ್ಯಾಪಾರ. ದೇಶದ ಸಾವಿರಾರು ಕೋರ್ಟುಗಳಲ್ಲಿ ಯಾವುದರಲ್ಲಾದರೂ ತಗೋಬಹುದಿತ್ತು, ಒಂದೊಂದು ಕೋರ್ಟಿಗೆ ಒಂದೊಂದು ನಮೂನೆಯ ಕಾಗದ. ಚುನಾವಣೆ ಹತ್ತಿರ ಬಂದಾಗ ಪಕ್ಷದವರು ವಲಸಿಗರನ್ನ ಗುಂಪುಗುಂಪಾಗಿ ಕರಕೊಂಡು ಹೋಗಿ ಪೌರತ್ವ ಕೊಡಿಸಿ ವೋಟು ಹಾಕಿಸುತ್ತಿದ್ದರು. ನಮಗೇನೂ ಹೊಸದಲ್ಲ ಬಿಡಿ. ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ, 1906ರ ಜೂನ್ 29ರಂದು ಬಂದ ಕಾಯ್ದೆ ಇದನ್ನ ಹದ್ದುಬಸ್ತಿಗೆ ತಂತು. ದೇಶಕ್ಕೆಲ್ಲ ಒಂದೇ ನಮೂನೆಯ ಅರ್ಜಿ, ಪ್ರತಿ ಕಾಗದದ ನಕಲು ವಾಷಿಂಗ್ಟನ್ನಿಗೆ.

ಆ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದವು ಎರಡು. ಒಂದು, ಅಲ್ಲಿಂದ ಮುಂದೆ ಬಂದವರು ಪೌರತ್ವ ಕೇಳುವಾಗ ತಾವು ಯಾವ ಹಡಗಲ್ಲಿ, ಯಾವತ್ತು ಬಂದದ್ದು ಅಂತ ತೋರಿಸಬೇಕು, ಸರ್ಕಾರ ಅದನ್ನ ಹಡಗಿನ ಪಟ್ಟಿಯ ಜೊತೆ ತಾಳೆ ನೋಡಬೇಕು. ಅಷ್ಟರಲ್ಲಿ ಎಷ್ಟೋ ಜನ ಹೆಸರು ಬದಲಾಯಿಸಿಕೊಂಡಿದ್ದರಲ್ಲ, ಹಾಗಾಗಿ ‘ನಾನು ಬಂದಾಗ ನನ್ನ ಹೆಸರು ಇದು, ಈಗ ಇದು’ ಅಂತ ಬರೆದುಕೊಡಬೇಕಾಯಿತು. ಎಲ್ಲಿಸ್ ದ್ವೀಪದ ಕಥೆ ಸುಳ್ಳು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಈ ಕಾಗದಗಳೇ. ಹಡಗಿನ ಪಟ್ಟಿಯಲ್ಲಿ ಹುಟ್ಟು ಹೆಸರು ಹಾಗೇ ಕೂತಿದೆ, ಹೊಸ ಹೆಸರು ಕಾಣಿಸೋದು ವರ್ಷಗಳ ನಂತರದ ಅರ್ಜಿಯಲ್ಲಿ.

ಎರಡು, ಕಾಯ್ದೆಯ 6ನೇ ಸೆಕ್ಷನ್. ಪೌರತ್ವ ಕೊಡುವ ಹೊತ್ತಿಗೇ, ಅರ್ಜಿದಾರ ಕೇಳಿಕೊಂಡರೆ, ನ್ಯಾಯಾಧೀಶರು ಅವನ ಹೆಸರು ಬದಲಾಯಿಸಿ ಆದೇಶ ಕೊಡಬಹುದು, ಸರ್ಟಿಫಿಕೇಟು ಹೊಸ ಹೆಸರಲ್ಲೇ ಬರುತ್ತೆ. ಬದಲಾಯಿಸಲೇಬೇಕು ಅಂತ ಇಲ್ಲ ಅನ್ನೋದನ್ನ ಗಮನಿಸಿ. ಕೇಳಿಕೊಂಡರೆ ಮಾತ್ರ. ಬೇಡ ಅಂದವರಿಗೆ ಹಳೇ ಹೆಸರಲ್ಲೇ ಪೌರತ್ವ.

ಎಷ್ಟು ಜನ ಬದಲಾಯಿಸಿಕೊಂಡರು? ನ್ಯೂಯಾರ್ಕಿನಲ್ಲಿ 1930ರಲ್ಲಿ ಪೌರತ್ವ ಕೇಳಿದ ಗಂಡಸರ ಕಾಗದಗಳನ್ನ ಮೂವರು ಅರ್ಥಶಾಸ್ತ್ರಜ್ಞರು ಕೂತು ಓದಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ಸುಮಾರು ಮೂರರಲ್ಲಿ ಒಬ್ಬರು ಹುಟ್ಟಿನಿಂದ ಬಂದ ಹೆಸರು ಬಿಟ್ಟು ಅಮೆರಿಕದ ಹೆಸರು ಇಟ್ಟುಕೊಂಡಿದ್ದರು. ಜಾನ್, ವಿಲಿಯಂ ಥರದ ಎಲ್ಲರ ಬಾಯಲ್ಲಿರೋ ಹೆಸರಿಗೆ ಹೋದವರು ಅವರ ಕಸುಬಿನ ಲೆಕ್ಕದಲ್ಲಿ ಸುಮಾರು 14% ಹೆಚ್ಚು ಗಳಿಸುವ ಜಾಗಕ್ಕೆ ಏರಿದ್ದರಂತೆ. ಅಂದ್ರೆ ಹೆಸರಿಗೊಂದು ಬೆಲೆ ಇತ್ತು, ರೂಪಾಯಿ ಆಣೆಯಲ್ಲಿ ಹೇಳಬಹುದಾದ ಬೆಲೆ.

ಬೆಲೆ ಕಟ್ಟಿಸಿದವರು ಯಾರು ಅನ್ನೋದೂ ನೋಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲಿ 1922ರಲ್ಲಿ ಒಂದು ಹೊಸ ಪ್ರಶ್ನೆ ಸೇರಿತು. ನಿನ್ನ ಹೆಸರನ್ನಾಗಲಿ, ನಿನ್ನ ಅಪ್ಪನ ಹೆಸರನ್ನಾಗಲಿ ಹುಟ್ಟಿದ ಮೇಲೆ ಬದಲಾಯಿಸಲಾಗಿದೆಯಾ ಅಂತ. ಯಹೂದಿ ಹುಡುಗರನ್ನ ಪತ್ತೆ ಹಚ್ಚಿ ಸಂಖ್ಯೆ ತಗ್ಗಿಸೋದು ಉದ್ದೇಶ. ಕರ್ಸ್ಟನ್ ಫರ್ಮಾಗ್ಲಿಚ್ ಅನ್ನೋ ಇತಿಹಾಸಕಾರ್ತಿ ನ್ಯೂಯಾರ್ಕ್ ಸಿವಿಲ್ ಕೋರ್ಟಿನ ಹೆಸರು ಬದಲಾವಣೆಯ ಸಾವಿರಾರು ಅರ್ಜಿಗಳನ್ನ ನೋಡಿ 2018ರಲ್ಲಿ ಒಂದು ಪುಸ್ತಕ ತಂದರು. ಆ ಅರ್ಜಿಗಳಲ್ಲಿ ಯಹೂದಿ ಹೆಸರುಗಳ ಪಾಲು ತುಂಬಾ ದೊಡ್ಡದು, ಅವರಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಹುಟ್ಟಿದವರು. ಕೆಲಸ ಸಿಗಲಿ, ಕಾಲೇಜು ಸಿಗಲಿ ಅಂತ ಹೆಸರು ಬಿಟ್ಟರು. ಆದರೆ ಎಷ್ಟೋ ಜನ ಯಹೂದಿ ಬದುಕನ್ನ ಬಿಡಲಿಲ್ಲ, ತಮ್ಮ ಜನರ ನಡುವೆಯೇ ಇದ್ದರು. ಹೆಸರು ಬದಲಾಯಿಸಿಕೊಂಡವರೆಲ್ಲ ಬೇರು ಕಿತ್ತುಕೊಂಡವರು ಅನ್ನೋ ನಮ್ಮ ಲೆಕ್ಕಾಚಾರ ಅಷ್ಟು ಸಲೀಸಲ್ಲ.

ಸಂತೋಷಕ್ಕೇ ಬದಲಾಯಿಸಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ 1942ರ ಜೂನ್ 26ರಂದು ಅಮೆರಿಕದ ಪ್ರಜೆಯಾದಾಗ, ಅಷ್ಟು ಹೊತ್ತಿಗೆ ಜಗತ್ತೇ ಕರೆಯುತ್ತಿದ್ದ ಹೆಸರನ್ನ ಕಾನೂನಿನ ಪ್ರಕಾರ ತನ್ನದು ಮಾಡಿಕೊಂಡ. ಆ ಹೆಸರು ಕ್ಯಾರಿ ಗ್ರಾಂಟ್. ನಮ್ಮ ಕಂಪ್ಯೂಟರ್ ಲೋಕದಲ್ಲಿ ಇಂಟೆಲ್ ಕಂಪನಿಯನ್ನ ಬೆಳೆಸಿದ ಆ್ಯಂಡಿ ಗ್ರೋವ್ 1957ರಲ್ಲಿ ಹಂಗೇರಿಯಿಂದ ನಿರಾಶ್ರಿತನಾಗಿ ಬಂದಾಗ ಆಂಡ್ರಾಷ್ ಗ್ರೋಫ್ ಆಗಿದ್ದರು.

ಈ ಹೊತ್ತಿಗೆ ನೀವು ಕೇಳಬಹುದು, ನಮ್ಮವರು ಎಲ್ಲಿ ಹೋದರು ಅಂತ. ನಮ್ಮವರಿಗೆ ಹೆಸರು ಬದಲಾಯಿಸಿಕೊಳ್ಳುವ ಅವಕಾಶವೇ ಇರಲಿಲ್ಲ, ಯಾಕಂದ್ರೆ ಪೌರತ್ವವೇ ಇರಲಿಲ್ಲ. 1790ರ ಮೊದಲ ಕಾಯ್ದೆಯೇ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಅಂದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನ ಸೇರಿಸಿದರು. ಏಷ್ಯಾದವರು ಹೊರಗೇ. ಪಂಜಾಬಿನ ಭಗತ್ ಸಿಂಗ್ ಥಿಂದ್ ಅಮೆರಿಕದ ಸೈನ್ಯದಲ್ಲಿ ದುಡಿದವರು. ಪೌರತ್ವ ಸಿಕ್ಕಿತು, ಕಿತ್ತುಕೊಂಡರು, ಮತ್ತೆ 1920ರಲ್ಲಿ ಸಿಕ್ಕಿತು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ‘ಇವರು ಬಿಳಿಯರಲ್ಲ’ ಅಂತ ತೀರ್ಪು ಕೊಟ್ಟಿತು. ಇನ್ನೊಂದು ವಿಚಿತ್ರ ನೋಡಿ, ಥಿಂದ್ ಸಿಖ್ಖರು. ತೀರ್ಪಿನ ತುಂಬಾ ಅವರನ್ನ ಕರೆದಿರೋದು ‘ಹಿಂದೂ’ ಅಂತ. ಆ ಕಾಲದಲ್ಲಿ ಅಮೆರಿಕದ ಕಾಗದಗಳಲ್ಲಿ ಭಾರತದವರೆಲ್ಲ ‘ಹಿಂದೂ’ಗಳೇ. ನಿನ್ನನ್ನ ಏನಂತ ಕರೆಯಬೇಕು ಅಂತ ಅವರನ್ನ ಕೇಳಿದವರಿಲ್ಲ.

ತೀರ್ಪಿನ ನಂತರ ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ವಾಪಸ್ ಕಿತ್ತುಕೊಂಡರು. ಪೇಶಾವರದಿಂದ 1915ರಲ್ಲಿ ಹೆಂಡತಿ ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ವೈಷ್ಣೋ ದಾಸ್ ಬಾಗಾಯ್ 1921ರಲ್ಲಿ ಪ್ರಜೆಯಾಗಿದ್ದರು. ಬ್ರಿಟಿಷರ ಪ್ರಜೆ ಅನ್ನಿಸಿಕೊಳ್ಳೋದು ಬೇಡ ಅಂತ ಅದನ್ನ ಬಿಟ್ಟು ಬಂದವರು. ಈ ಪೌರತ್ವವೂ ಹೋಯಿತು, ಅದರ ಜೊತೆ ಆಸ್ತಿ ಇಟ್ಟುಕೊಳ್ಳುವ ಹಕ್ಕೂ ಹೋಯಿತು. 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಬಾಗಿಲು ತೆರೆದಿದ್ದು 1946ರ ಜುಲೈ 2ರಂದು, ವರ್ಷಕ್ಕೆ 100 ಜನಕ್ಕೆ ಮಾತ್ರ ಒಳಗೆ ಬರಲು ಅವಕಾಶ ಕೊಟ್ಟ ಕಾಯ್ದೆಯಿಂದ. ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾದರು, 1956ರಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು. ಹೆಸರಲ್ಲಿ ಒಂದಕ್ಷರ ಬಿಡದೆ.

ಅಮೆರಿಕ ‘ಬೇಕಿದ್ದರೆ ಬದಲಾಯಿಸಿಕೋ’ ಅಂದರೆ, ‘ಬದಲಾಯಿಸಿಕೊಂಡು ಬಾ’ ಅಂದ ದೇಶವೂ ಇದೆ. ಜಪಾನ್. ಅಲ್ಲಿನ ಭೂತ ಪ್ರೇತದ ಕಥೆಗಳನ್ನ ಇಂಗ್ಲಿಷಿಗೆ ತಂದ ಲಫ್ಕಾಡಿಯೊ ಹರ್ನ್ 1896ರಲ್ಲಿ ಜಪಾನಿನ ಪ್ರಜೆಯಾಗುವಾಗ ಹೆಂಡತಿಯ ಮನೆತನದ ಹೆಸರು ತಗೊಂಡು ಕೊಯಿಜುಮಿ ಯಾಕುಮೊ ಆದರು. ಅದು ಅವರ ಇಷ್ಟ. ಆದರೆ ಜಪಾನಿನಲ್ಲೇ ತಲೆಮಾರುಗಳಿಂದ ಇದ್ದ ಕೊರಿಯಾದವರಿಗೆ, ಪ್ರಜೆಯಾಗಬೇಕಾದರೆ ಜಪಾನಿ ಥರದ ಹೆಸರು ಇಟ್ಟುಕೋ ಅಂತ ಅಧಿಕಾರಿಗಳು 1980ರ ದಶಕದ ನಡುವಿನವರೆಗೂ ಹೇಳುತ್ತಿದ್ದರು. ಸಾಫ್ಟ್‌ಬ್ಯಾಂಕ್ ಕಟ್ಟಿದ ಮಸಾಯೋಶಿ ಸನ್ ಹುಟ್ಟಿದ್ದೂ ಇಂಥ ಮನೆಯಲ್ಲೇ. ಅವರ ಮನೆಯವರು ಯಾಸುಮೊಟೊ ಅನ್ನೋ ಜಪಾನಿ ಹೆಸರಲ್ಲಿ ಓಡಾಡುತ್ತಿದ್ದರು. ಅಮೆರಿಕದಲ್ಲಿ ಓದಿ ಬಂದ ಮೇಲೆ ಅವರು ಸನ್ ಅನ್ನೋ ಮೂಲ ಹೆಸರನ್ನೇ ಹಿಡಿದರು. 1990ರಲ್ಲಿ ಪ್ರಜೆಯಾಗಲು ಹೋದಾಗ, ‘ಸನ್’ ಅನ್ನೋ ಹೆಸರಿನ ಜಪಾನಿ ಯಾರೂ ಇಲ್ಲವಲ್ಲ ಅಂದರಂತೆ ಅಧಿಕಾರಿಗಳು. ಸನ್ ಏನು ಮಾಡಿದರು ಗೊತ್ತಾ? ಜಪಾನಿಯೇ ಆಗಿದ್ದ ತಮ್ಮ ಹೆಂಡತಿಯ ಹೆಸರನ್ನ ಕೋರ್ಟಿನ ಮೂಲಕ ‘ಸನ್’ ಅಂತ ಮಾಡಿಸಿ, ‘ಈಗ ಒಬ್ಬರಿದ್ದಾರೆ ನೋಡಿ’ ಅಂತ ತೋರಿಸಿದರು. ಇದು ಅವರೇ ಹೇಳಿಕೊಂಡ ಕಥೆ. ರೂಲ್ಸ್ ಓದಿ ರೂಲ್ಸಿನೊಳಗೇ ದಾರಿ ಮಾಡೋದು ಅಂದ್ರೆ ಇದು.

ಈಗ ನಮ್ಮ ಹೆಸರುಗಳ ವಿಷಯಕ್ಕೆ ಬರೋಣ. ಇಟಲಿಯವರಿಗೆ, ಜರ್ಮನಿಯವರಿಗೆ ಮನೆತನದ ಹೆಸರು ಅಂತ ಒಂದಿತ್ತು, ಅದನ್ನ ಉಳಿಸಿಕೊಳ್ಳೋದಾ ಬಿಡೋದಾ ಅನ್ನೋದು ಅವರ ಪ್ರಶ್ನೆ. ನಮ್ಮ ಹಳೇ ಮೈಸೂರು ಕಡೆಯ ಬಹಳಷ್ಟು ಮನೆಗಳಲ್ಲಿ ಅಂಥದ್ದು ಇಲ್ಲವೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಸ್ವಂತ ಹೆಸರು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಅದೂ ಹಾಗೇ. ಮಾಸ್ತಿಯವರನ್ನಂತೂ ನಾವು ಕರೆಯೋದೇ ಊರಿನ ಹೆಸರಿಂದ. ಇದು ವಿಳಾಸ, ವಂಶ, ವ್ಯಕ್ತಿ ಮೂರನ್ನೂ ಒಂದೇ ಸಾಲಲ್ಲಿ ಹೇಳೋ ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಪುಟ್ಟಪ್ಪ ಅನ್ನೋದನ್ನ ‘ಲಾಸ್ಟ್ ನೇಮ್’ ಡಬ್ಬಿಗೆ ಹಾಕಿ ನೋಡಿ, ಅರ್ಥವೇ ಕೆಟ್ಟುಹೋಗುತ್ತೆ. ಮಗನನ್ನ ಅವನ ಹೆಸರಿಂದ ಕರೆಯೋ ಬದಲು ‘ಪುಟ್ಟಪ್ಪ ಕುಟುಂಬದವನು’ ಅಂದ ಹಾಗೆ.

ಭಾರತದ ಪಾಸ್‌ಪೋರ್ಟಿನಲ್ಲಿ ಎರಡು ಡಬ್ಬಿ. ಸರ್‌ನೇಮ್ ಒಂದು, ಗಿವನ್ ನೇಮ್ ಒಂದು. ನಮ್ಮ ಕಡೆಯವರು ಎಷ್ಟೋ ಜನ ಸರ್‌ನೇಮ್ ಖಾಲಿ ಬಿಟ್ಟು ಇದ್ದ ಹೆಸರನ್ನ ಗಿವನ್ ನೇಮಿನಲ್ಲಿ ಬರೆದರು. ಸರಿಯಾಗೇ ಬರೆದರು. ಅಮೆರಿಕದ ವೀಸಾ ವ್ಯವಸ್ಥೆಗೆ ಸರ್‌ನೇಮ್ ಇಲ್ಲದ ಮನುಷ್ಯ ಅನ್ನೋದು ಅರ್ಥವಾಗಲ್ಲ. ಅದು ಇದ್ದ ಒಂದು ಹೆಸರನ್ನ ಎತ್ತಿ ಸರ್‌ನೇಮ್ ಡಬ್ಬಿಗೆ ಹಾಕಿ, ಖಾಲಿಯಾದ ಮೊದಲ ಡಬ್ಬಿಗೆ ‘ಎಫ್‌ಎನ್‌ಯು’ ಅಂತ ತುಂಬುತ್ತೆ. ಅಂದ್ರೆ ‘ಮೊದಲ ಹೆಸರು ಗೊತ್ತಿಲ್ಲ’. ವೀಸಾದಿಂದ ಅದು ಡ್ರೈವಿಂಗ್ ಲೈಸೆನ್ಸಿಗೆ, ಅಲ್ಲಿಂದ ಬ್ಯಾಂಕಿಗೆ, ಸಂಬಳದ ಚೀಟಿಗೆ ನಡೆದುಕೊಂಡು ಹೋಗುತ್ತೆ. ನಾನು ಕೆಲಸ ಮಾಡುತ್ತಿದ್ದ ಕಡೆ ಇಮೇಲ್ ಪಟ್ಟಿಯಲ್ಲಿ ‘ಎಫ್‌ಎನ್‌ಯು’ ಅಂತ ಹುಡುಕಿದರೆ ಸಾಲಾಗಿ ಜನ ಸಿಗುತ್ತಿದ್ದರು. ತಮಿಳರು, ಕನ್ನಡಿಗರು, ಇಂಡೋನೇಷ್ಯಾದವರು, ಅಫ್ಘಾನಿಸ್ತಾನದವರು. ಒಂದೇ ತಾಯಿಯ ಮಕ್ಕಳ ಥರ. ಹೊಸದಾಗಿ ಸೇರಿದ ಮ್ಯಾನೇಜರ್ ಒಬ್ಬರು ‘ಹಾಯ್ ಫ್ನೂ’ ಅಂತಲೇ ಮೇಲ್ ಬರೆಯುತ್ತಿದ್ದರು, ಅದೇ ಹೆಸರು ಅಂದುಕೊಂಡು.

ಹಡಗಿನ ಕಾಲದಲ್ಲಿ ನಡೆಯದೇ ಇದ್ದ ಕಥೆ ಕಂಪ್ಯೂಟರ್ ಕಾಲದಲ್ಲಿ ನಿಜವಾಗಿದೆ ನೋಡಿ. ಕಿತ್ತುಕೊಳ್ಳೋಕೆ ಈಗ ಗುಮಾಸ್ತನೂ ಬೇಕಿಲ್ಲ. ಖಾಲಿ ಬಿಡಬಾರದು ಅಂತ ಚುಕ್ಕಿ ಹಾಕಿದ ಒಂದು ಡಬ್ಬಿ ಸಾಕು. ಇಂಥ ಡಬ್ಬಿಗಳನ್ನ ಮಾಡೋದು ನನ್ನಂಥವರೇ ಆದ್ದರಿಂದ ನಗೋದಾ ಸುಮ್ಮನಿರೋದಾ ತಿಳಿಯಲ್ಲ.

ಅಮೆರಿಕದ ಪೌರತ್ವದ ಅರ್ಜಿಗೆ ‘ಎನ್-400’ ಅಂತ ಹೆಸರು. ಅದರಲ್ಲಿ ಇವತ್ತಿಗೂ ಒಂದು ಪ್ರಶ್ನೆ ಇದೆ, ನಿನ್ನ ಹೆಸರನ್ನ ಕಾನೂನಿನ ಪ್ರಕಾರ ಬದಲಾಯಿಸಿಕೊಳ್ಳಲು ಇಷ್ಟವಿದೆಯಾ ಅಂತ. 1906ರ 6ನೇ ಸೆಕ್ಷನ್ನಿನ ಮೊಮ್ಮಗ ಅದು. 1990ರ ಕಾಯ್ದೆ ಪೌರತ್ವ ಕೊಡೋ ಅಧಿಕಾರವನ್ನ ಕೋರ್ಟುಗಳಿಂದ ವಲಸೆ ಇಲಾಖೆಗೆ ಕೊಟ್ಟಿತು. ಆದರೆ ಹೆಸರು ಬದಲಾಯಿಸೋ ಅಧಿಕಾರ ಇಲಾಖೆಗಿಲ್ಲ, ಅದು ನ್ಯಾಯಾಧೀಶರದೇ. ಹಾಗಾಗಿ ‘ಹೌದು’ ಅಂತ ಟಿಕ್ ಮಾಡಿದವರು ಇಲಾಖೆಯ ಹಾಲಿನಲ್ಲಿ ಅಲ್ಲ, ಕೋರ್ಟಿನ ಸಮಾರಂಭದಲ್ಲಿ ಪ್ರಮಾಣ ವಚನ ತಗೋಬೇಕು. ಕೆಲವು ಊರುಗಳಲ್ಲಿ ಇದಕ್ಕೆ ಹೆಚ್ಚು ದಿನ ಕಾಯಬೇಕಾಗುತ್ತೆ.

ಹಾಸನ ಜಿಲ್ಲೆಯವರೊಬ್ಬರು, ನನಗಿಂತ ಹದಿನೈದು ವರ್ಷ ದೊಡ್ಡವರು, ಹೀಗೆ ಕಾದು ಪ್ರಮಾಣ ತಗೊಂಡರು. ಅಷ್ಟು ವರ್ಷ ಅವರ ಲೈಸೆನ್ಸಿನಲ್ಲಿ ಎಫ್‌ಎನ್‌ಯು. ಆಸ್ಪತ್ರೆಯಲ್ಲಿ ನರ್ಸ್ ಎಫ್‌ಎನ್‌ಯು ಅಂತ ಕೂಗಿದಾಗ ಎದ್ದು ನಿಲ್ಲೋದನ್ನ ಅಭ್ಯಾಸ ಮಾಡಿಕೊಂಡಿದ್ದರು. ‘ಹೌದು’ ಅಂತ ಟಿಕ್ ಮಾಡಿ, ಮೊದಲ ಹೆಸರಿನ ಜಾಗಕ್ಕೆ ತಮ್ಮ ಹೆಸರು, ಮಧ್ಯದಲ್ಲಿ ಅಪ್ಪನ ಹೆಸರು, ಕೊನೆಗೆ ಊರಿನ ಹೆಸರು ಬರೆದರು. ಊರಲ್ಲಿ ಸುದ್ದಿ ಹೋಗಿದ್ದು ಬೇರೆ ಥರ. ‘ಮಗ ಅಮೆರಿಕದವನಾದ, ಹೆಸರೂ ಬದಲಾಯಿಸ್ಕೊಂಡನಂತೆ’. ಎಂಬತ್ತು ದಾಟಿದ ಅವರಪ್ಪ ಎರಡು ವಾರ ಫೋನಿಗೆ ಬರಲಿಲ್ಲವಂತೆ. ಕೊನೆಗೆ ತಂಗಿಯ ಮಗಳು ಸರ್ಟಿಫಿಕೇಟಿನ ಫೋಟೋ ತೋರಿಸಿ ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ತಮ್ಮ ಹೆಸರೂ ತಮ್ಮೂರಿನ ಹೆಸರೂ ಅಮೆರಿಕ ಸರ್ಕಾರದ ಕಾಗದದಲ್ಲಿ ಬಂದಿರೋದು ಕೇಳಿ ಆ ಮುದುಕರು ಹೇಳಿದ್ದು ಇಷ್ಟೇ ಅಂತೆ: ‘ಮತ್ತೆ ಬದಲಾಯಿಸಿದ್ದು ಏನನ್ನ?’

ಆ ಪ್ರಶ್ನೆಯಲ್ಲಿ ಇಡೀ ವಿಷಯ ಇದೆ ಅಂತ ನನಗನ್ನಿಸುತ್ತೆ. ಹೆಸರು ಬದಲಾಯಿಸಿಕೊಂಡ ಅಂದ ತಕ್ಷಣ ಕಳಕೊಂಡ ಅಂತಲೇ ನಾವು ಕೇಳಿಸಿಕೊಳ್ಳುತ್ತೇವೆ. ಜಾನ್ ಆದವನ ಹಿಂದೆ ಹಸಿವು ಇರಬಹುದು, ಊರಿನ ಹೆಸರು ಬರೆಸಿದವನ ಹಿಂದೆ ಕಳೆದುಹೋದದ್ದನ್ನ ವಾಪಸ್ ತಗೊಳ್ಳೋ ಹಟ ಇರಬಹುದು. ಎರಡಕ್ಕೂ ಕಾಗದದಲ್ಲಿ ಒಂದೇ ಹೆಸರು, ‘ನೇಮ್ ಚೇಂಜ್’.

ಇನ್ನು ನಿಜವಾಗಿ ನಮ್ಮ ಹೆಸರನ್ನ ಬದಲಾಯಿಸಿದವರು ಯಾರು ಅಂದ್ರೆ, ಅದು ನಮ್ಮೂರ ಮೇಷ್ಟ್ರು. ತಮಾಷೆಗೆ ಹೇಳ್ತಿಲ್ಲ. ಒಂದನೇ ಕ್ಲಾಸಿಗೆ ಸೇರಿಸೋಕೆ ಅವ್ವ ಕೈ ಹಿಡಕೊಂಡು ಹೋದಾಗ ಮನೆಯಲ್ಲಿ ಕರೆಯೋ ಹೆಸರು ಹೇಳ್ತಾಳೆ. ಮೇಷ್ಟ್ರು ಅದಕ್ಕೊಂದು ‘ಕುಮಾರ’ವನ್ನೋ ‘ಸ್ವಾಮಿ’ಯನ್ನೋ ಸೇರಿಸಿ ದಾಖಲಾತಿ ಪುಸ್ತಕದಲ್ಲಿ ಬರೆದುಕೊಳ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1. ಅದೇ ಹತ್ತನೇ ಕ್ಲಾಸಿನ ಅಂಕಪಟ್ಟಿಗೆ ಹೋಗುತ್ತೆ, ಅಂಕಪಟ್ಟಿಯಿಂದ ಬಿ.ಇ. ಸರ್ಟಿಫಿಕೇಟಿಗೆ, ಪಾಸ್‌ಪೋರ್ಟಿಗೆ, ಅಲ್ಲಿಂದ ಅಮೆರಿಕಕ್ಕೆ. ನನ್ನ ಹೆಸರಿನ ಕೊನೆಯ ಮೂರಕ್ಷರ ಹೀಗೇ ಬಂದವು. ನಮ್ಮಜ್ಜಿಗೆ ಅವು ಸಾಯೋವರೆಗೂ ಬಾಯಿಗೆ ಬರಲಿಲ್ಲ. ಎಲ್ಲಿಸ್ ದ್ವೀಪದಲ್ಲಿ ಸಿಗದ ಆ ಗುಮಾಸ್ತ ನಮ್ಮ ಪ್ರತಿ ಹಳ್ಳಿಯಲ್ಲೂ ಪ್ರೀತಿಯಿಂದಲೇ, ಮಗು ನಾಳೆ ದೊಡ್ಡ ಕೆಲಸಕ್ಕೆ ಹೋದಾಗ ಹೆಸರು ಭಾರವಾಗಿರಲಿ ಅಂತ, ಈ ಕೆಲಸ ಮಾಡಿದ್ದಾನೆ.

ಪೌರತ್ವದ ಹೊಸ್ತಿಲಲ್ಲಿ ಇರೋ ಗೆಳೆಯರಿಗೆ ಒಂದೆರಡು ವ್ಯವಹಾರದ ಮಾತು. ಅಮೆರಿಕದ ಪ್ರಜೆಯಾದ ಕ್ಷಣಕ್ಕೆ, 1955ರ ನಮ್ಮ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವ ತಾನಾಗೇ ಹೋಗುತ್ತೆ. ಪಾಸ್‌ಪೋರ್ಟ್ ಒಪ್ಪಿಸಿ, ಬೇಕಿದ್ದರೆ ಒಸಿಐ ಕಾರ್ಡು ಮಾಡಿಸಬೇಕು. ಆ ಕಾರ್ಡಿದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಅಪ್ಪನಿಂದ ಪಿತ್ರಾರ್ಜಿತವಾಗಿ ಬರೋದಕ್ಕೆ ಅಡ್ಡಿಯಿಲ್ಲ. ಕಷ್ಟ ಇರೋದು ಅಲ್ಲೇ. ಪಹಣಿಯಲ್ಲಿ ಅಪ್ಪನ ಹೆಸರು ಒಂದು ಥರ, ನಾಡಕಚೇರಿಯ ವಂಶವೃಕ್ಷದಲ್ಲಿ ಮಗನ ಹೆಸರು ಇನ್ನೊಂದು ಥರ, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಪೌತಿ ಖಾತೆ ಮಾಡಿಸೋ ದಿನ ‘ಈ ಮೂವರೂ ಒಬ್ಬನೇ’ ಅಂತ ತೋರಿಸೋ ಕಾಗದ ನಿಮ್ಮ ಕೈಯಲ್ಲಿರಬೇಕು. ಕೋರ್ಟು ಕೊಡೋ ಹೆಸರು ಬದಲಾವಣೆಯ ಪತ್ರ ಒಂದು ಹಾಳೆ ಅಷ್ಟೇ, ಅದನ್ನ ಜಮೀನಿನ ಪತ್ರದಷ್ಟೇ ಜೋಪಾನ ಮಾಡಿ. 1906ರಲ್ಲಿ ಹಡಗಿನ ಪಟ್ಟಿಗೂ ಹೊಸ ಹೆಸರಿಗೂ ಗಂಟು ಹಾಕಿದರಲ್ಲ, ಅದೇ ಗಂಟು ಇದು. ಆ ಗಂಟು ಇರೋದರಿಂದಲೇ ಇವತ್ತು ಅಲ್ಲಿನ ಮೊಮ್ಮಕ್ಕಳು ತಮ್ಮ ಮುತ್ತಜ್ಜನ ಹಡಗು ಹುಡುಕಿಕೊಳ್ಳುತ್ತಿದ್ದಾರೆ.

ಮತ್ತೆ ಆ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಹುಟ್ಟಿದಾಗ ಅಪ್ಪ ಅಮ್ಮ ಇಟ್ಟರು, ಶಾಲೆಯಲ್ಲಿ ಮೇಷ್ಟ್ರು ತಿದ್ದಿದರು, ವೀಸಾ ಕೊಡೋ ಯಂತ್ರ ಅರ್ಧ ನುಂಗಿತು. ಒಂದು ಸರ್ಕಾರ ನಿಮ್ಮನ್ನ ‘ಏನಂತ ಕರೆಯಲಿ?’ ಅಂತ ನೇರವಾಗಿ ಕೇಳೋದು ಬಹುಶಃ ಬದುಕಲ್ಲಿ ಅದೊಂದೇ ಸಲ. ಹಾಗೇ ಇರಲಿ ಅನ್ನಿ, ಚಿಕ್ಕದು ಮಾಡಿ ಅನ್ನಿ, ಊರನ್ನ ಸೇರಿಸಿ ಅನ್ನಿ, ಉತ್ತರ ನಿಮ್ಮದು. ನಾಳೆ ಮೊಮ್ಮಕ್ಕಳು ಕೇಳಿದಾಗ ಮಾತ್ರ ಗುಮಾಸ್ತನ ಮೇಲೆ ಹಾಕಬೇಡಿ. ಪಾಪ, ಅವನು ಈಗಾಗಲೇ ಒಂದು ನೂರು ವರ್ಷದಿಂದ ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿದ್ದಾನೆ.